ಸೆರೆಮನೆಯ ಹಗಲಿರುಳು



ಸಾಹಿತ್ಯವನ್ನೂ ಧರ್ಮವನ್ನೂ ಇತಿಹಾಸವನ್ನೂ ಕುರಿತು ವಿದ್ವಾಂಸರು ಮಾತನಾಡಿರುವ ಈ ವೇದಿಕೆಯಿಂದ ಸೆರೆಮನೆಯ ದಿನಚರಿಯನ್ನು ವರ್ಣಿಸುವುದು ಉಚಿತವೇ ಎಂದು ಕೆಲವರಾದರೂ ಶಂಕಿಸಬಹುದು. ಆದರೆ ಊರ ನಡುವೆ ಅಥವಾ ಊರಂಚಿನಲ್ಲಿ ಎತ್ತರದ ಗೋಡೆಯನ್ನು ಕಟ್ಟಿ, ನಮ್ಮ ಹೆಸರಿನಲ್ಲಿ, ನಮ್ಮ ತೆರಿಗೆಯ ಹಣದಿಂದ, ನಮ್ಮ ರಕ್ಷಣೆಗಾಗಿಯೇ ಎಂದು ಹೇಳಿ ನಡೆಸಲಾಗುತ್ತಿರುವ ಸಂಸ್ಥೆಯೊಂದರ ಒಳಗೆ ಬೆಳಗಿನಿಂದ ಬೆಳಗಿನವರೆಗೆ ಏನು ನಡೆಯುತ್ತದೆಂಬುದನ್ನು ಅರಿಯುವುದು ನಾಗರಿಕನ ಕರ್ತವ್ಯಗಳಲ್ಲಿ ಒಂದೆಂದು ನಾನು ನಂಬಿದ್ದೇನೆ. ಕಾರಾಗೃಹದ ಅನಧಿಕಾರಿ ಸಂದರ್ಶಕರೆಂಬ ಒಂದು ವರ್ಗವನ್ನು ನಮ್ಮ ನಿಯಮಾವಳಿಗಳು ಬಹು ಹಿಂದಿನಿಂದಲೂ ಕಲ್ಪಿಸಿವೆ. ಆ ವರ್ಗಕ್ಕೆ ಸೇರಿದವನಾಗಿ ಒಳಗೆ ಹೋಗಿಬಂದ ಪರಿಚಯವೂ, ಕಾನೂನಿನ ಗ್ರಂಥಗಳಿಂದ ತಿಳಿದಷ್ಟು ವಿಷಯವೂ ಸೇರಿ ಈ ಉಪನ್ಯಾಸವಾಗಿದೆ.

ಸೆರೆಮನೆ ಎಂದೊಡನೆ ವಿದ್ಯಾವಂತರಾದ ನಮ್ಮ ಮನಸ್ಸು ಮಹಾಪುರುಷರ ಸೆರೆವಾಸದ ಕಡೆಗೆ ಓಡುತ್ತದೆ. ಮಂಡಾಲೆಯಲ್ಲಿ ಲೋಕಮಾನ್ಯ ತಿಲಕರು ಗೀತಾರಹಸ್ಯವನ್ನು ರಚಿಸಿದರು. ವೆಲ್ಲೂರಿನಲ್ಲಿ ರಾಜಾಜಿಯವರು ತಮ್ಮ ದಿನಚರಿಯನ್ನು ಬರೆದರು. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ವಿನೋಬಾ ಅವರು ಭಾನುವಾರಕ್ಕೊಂದು ಅಧ್ಯಾಯದಂತೆ ನಡೆಸಿದ ಗೀತಾಪ್ರವಚನವನ್ನು ಸಾನೆ ಗುರೂಜಿಯವರು ಬರೆದಿಟ್ಟುಕೊಂಡರು. ಅಹಮದ್‌ನಗರದ ಕೋಟೆಯಲ್ಲಿ ನೆಹರೂ ಅವರು ಭಾರತದ ಇತಿಹಾಸವನ್ನು ತಮ್ಮ ಮನಸ್ಸಿನಲ್ಲಿ ಮರಳಿ ನಡೆದು ನೋಡಿದರು. ಇವೆಲ್ಲವೂ ನಮ್ಮ ಹೆಮ್ಮೆಯ ಸಂಪತ್ತು. ಆದರೆ ಇವುಗಳಿಂದಾಗಿ, ಬಂಧನವೆಂಬುದು ಚಿಂತನಶೀಲನಿಗೆ ಒದಗಿಬಂದ ಏಕಾಂತವೆಂಬ ಭಾವನೆಯೊಂದು ನಮ್ಮಲ್ಲಿ ನೆಲೆಗೊಂಡಿದೆ. ಸಾಮಾನ್ಯ ಬಂದಿಗೆ ದೊರೆಯದೇ ಇರುವುದು ಮೊದಲಾಗಿ ಆ ಏಕಾಂತವೇ. ಲಾಹೋರಿನ ಸೆರೆಯಲ್ಲಿ ಜತೀಂದ್ರನಾಥ ದಾಸರು 63 ದಿನಗಳ ನಿರಶನದ ಬಳಿಕ 1929ರ ಸೆಪ್ಟೆಂಬರ್ 13ರಂದು ಪ್ರಾಣತ್ಯಾಗ ಮಾಡಿದಾಗ ಅವರೂ ಅವರ ಸಂಗಡಿಗರೂ ಬೇಡುತ್ತಿದ್ದುದರಲ್ಲಿ ತಿನ್ನಲು ಯೋಗ್ಯವಾದ ಅನ್ನ, ಓದಲು ಪುಸ್ತಕ ಮತ್ತು ಪತ್ರಿಕೆ ಎಂಬಂಥ ಸಂಗತಿಗಳೇ ಇದ್ದುವೆಂಬುದನ್ನು ನೆನೆದರೆ, ಸೆರೆಮನೆಯಲ್ಲಿ ಸಣ್ಣ ವಸ್ತುವಿಗೆ ಎಂಥ ತೂಕವುಂಟೆಂಬುದು ಅರಿವಾದೀತು. ಆ ಬಲಿದಾನದ ಮರುವರ್ಷ ಸರ್ಕಾರವು ಬಂದಿಗಳನ್ನು ಎ, ಬಿ, ಸಿ ಎಂದು ಮೂರು ತರಗತಿಗಳಾಗಿ ವಿಂಗಡಿಸಿತು. ವಿದ್ಯೆಯೂ ಸಾಮಾಜಿಕ ಸ್ಥಾನಮಾನವೂ ಉಳ್ಳವರಿಗೆ ಮೊದಲಿನ ಎರಡು ತರಗತಿಗಳು. ಉಳಿದ ಜನಸಮುದಾಯಕ್ಕೆಲ್ಲ ಮೂರನೆಯದು. ನಾನು ಇಂದು ಹೇಳಹೊರಟಿರುವುದು ಆ ಮೂರನೆಯ ತರಗತಿಯವರ ವಿಷಯ.

ನ್ಯಾಯಾಧೀಶನು ಶಿಕ್ಷೆಯನ್ನು ವರ್ಷಗಳ ಲೆಕ್ಕದಲ್ಲಿ ಬರೆಯುತ್ತಾನೆ. ಅದನ್ನು ಅನುಭವಿಸತಕ್ಕವನು ಗಂಟೆಗಳ ಲೆಕ್ಕದಲ್ಲಿ ಅನುಭವಿಸುತ್ತಾನೆ. ತೀರ್ಪಿನಲ್ಲಿ ಕಿತ್ತುಕೊಳ್ಳುವುದು ಸಂಚಾರಸ್ವಾತಂತ್ರ್ಯವೊಂದನ್ನು. ನೀರು ಕುಡಿಯುವ ಹೊತ್ತು, ದೀಪ ಆರಿಸುವ ಹೊತ್ತು, ಬಾಗಿಲು ಹಾಕಿಕೊಳ್ಳುವ ಹಕ್ಕು, ಹಸಿವಾದಾಗ ಉಣ್ಣುವ ಸ್ವಾತಂತ್ರ್ಯ, ಒಬ್ಬನೇ ಕುಳಿತು ಅಳುವ ಅವಕಾಶ, ಇವುಗಳನ್ನು ಕಿತ್ತುಕೊಳ್ಳಬೇಕೆಂದು ಯಾವ ತೀರ್ಪಿನಲ್ಲಿಯೂ ಬರೆದಿರುವುದಿಲ್ಲ. ಆದರೂ ಅವೆಲ್ಲವೂ ಮೊದಲ ದಿನವೇ ಹೋಗುತ್ತವೆ. ನಮ್ಮ ನ್ಯಾಯವು ನ್ಯಾಯವೇ ಎಂಬುದನ್ನು ಪರೀಕ್ಷಿಸತಕ್ಕ ಸ್ಥಳ ಶಿಕ್ಷೆಯ ಅವಧಿಗಿಂತ ಹೆಚ್ಚಾಗಿ ಈ ಗಂಟೆಗಳಲ್ಲಿದೆ ಎಂಬುದೇ ನನ್ನ ಅಭಿಪ್ರಾಯ.

ಸೆರೆಮನೆಯ ದಿನವನ್ನು ಅದರ ಸಂಜೆಯಿಂದ ವರ್ಣಿಸಬೇಕು. ಏಕೆಂದರೆ ಇಡೀ ದಿನದ ವ್ಯವಸ್ಥೆ ರಚಿತವಾಗಿರುವುದೆಲ್ಲ ಸಂಜೆಯ ಒಂದು ಕ್ರಿಯೆಯ ಸಲುವಾಗಿ, ಅಂದರೆ ಎಣಿಕೆ ಮತ್ತು ಲಾಕಪ್ಪಿನ ಸಲುವಾಗಿ. ಸೂರ್ಯಾಸ್ತಮಾನಕ್ಕೆ ಮುನ್ನವೇ, ಸುಮಾರು ಆರು ಗಂಟೆಯ ಹೊತ್ತಿಗೆ, ಬಂದಿಗಳೆಲ್ಲರೂ ತಮ್ಮ ತಮ್ಮ ಬ್ಯಾರಕ್ಕುಗಳ ಮುಂದೆ ಜೋಡಿ ಜೋಡಿಯಾಗಿ ಸಾಲಿನಲ್ಲಿ ಕುಕ್ಕುರು ಕೂಡುತ್ತಾರೆ. ವಾರ್ಡರನು ಎಣಿಸುತ್ತಾ ಹೋಗುತ್ತಾನೆ. ಹಿಂದಿನಿಂದ ಇನ್ನೊಬ್ಬನು ಎಣಿಸುತ್ತಾನೆ. ಎರಡೂ ಲೆಕ್ಕಗಳು ಹೊಂದಿದರೆ ಬಾಗಿಲಿಗೆ ಬೀಗ ಬೀಳುತ್ತದೆ. ಎಲ್ಲ ಬ್ಯಾರಕ್ಕುಗಳ ಲೆಕ್ಕ ಮುಖ್ಯದ್ವಾರಕ್ಕೆ ಬಂದು ಸೇರಿ, ಬೆಳಗ್ಗೆ ಇದ್ದವರು, ಹೊಸದಾಗಿ ಬಂದವರು, ಬಿಡುಗಡೆಯಾದವರು, ಆಸ್ಪತ್ರೆಗೆ ಹೋದವರು, ಎಲ್ಲರನ್ನೂ ಕೂಡಿ ಕಳೆದು ಮೊತ್ತ ಸರಿಹೋಗುವ ತನಕ ಅಧಿಕಾರಿಗಳಾಗಲಿ ಸಿಬ್ಬಂದಿಯಾಗಲಿ ನೆಮ್ಮದಿಯ ಉಸಿರು ಬಿಡುವಂತಿಲ್ಲ. ಒಂದು ತಲೆ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಕೆ. ಮಳೆ ಬಂದರೂ ಎಣಿಕೆ, ಹಬ್ಬವಿದ್ದರೂ ಎಣಿಕೆ. ಬೆಳಗ್ಗೆ ಬಾಗಿಲು ತೆರೆದಾಗ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ, ರಾತ್ರಿ ಕಾವಲು ಬದಲಾದಾಗಲೆಲ್ಲ ಸರಳುಗಳಾಚೆಯಿಂದ ಮತ್ತೊಮ್ಮೆ, ಹೀಗೆ ಮನುಷ್ಯನೊಬ್ಬನು ದಿನಕ್ಕೆ ಹಲವು ಬಾರಿ ಸಂಖ್ಯೆಯಾಗುತ್ತಾನೆ. ಅದರ ಪರಿಣಾಮವೇನೆಂಬುದನ್ನು ಒಳಗಿರುವವರಿಂದಲೇ ಕೇಳಿ ತಿಳಿಯಬೇಕು. ಬಹುಕಾಲ ಒಳಗಿದ್ದು ಹೊರಬಂದ ಒಬ್ಬಾತ ನನ್ನೊಡನೆ ಹೇಳಿದ್ದ: ಮನೆಗೆ ಹೋದ ಮೇಲೆಯೂ ಸಂಜೆಯಾಯಿತೆಂದರೆ ಕಾಲು ತಾನಾಗಿಯೇ ಮಡಚಿಕೊಳ್ಳುತ್ತದೆ, ಜಗಲಿಯಲ್ಲಿ ಕುಕ್ಕುರು ಕೂತುಬಿಡುತ್ತೇನೆ ಎಂದು.

ಬೀಗ ಬಿದ್ದ ಬಳಿಕ ಮರುದಿನ ಬೆಳಕು ಹರಿಯುವ ತನಕ, ಹೆಚ್ಚು ಕಡಿಮೆ ಹನ್ನೆರಡು ಗಂಟೆಗಳ ಕಾಲ, ಆ ಕೋಣೆಯೇ ಲೋಕ. ಉದ್ದನೆಯ ಬ್ಯಾರಕ್ಕು; ಎರಡೂ ಗೋಡೆಗಳ ಗುಂಟ ಹಾಸಿದ ಜಮಖಾನೆ, ಕಂಬಳಿಗಳ ಸಾಲು; ಒಂದು ಮೂಲೆಯಲ್ಲಿ ಎಲ್ಲರಿಗೂ ಸೇರಿದ ಶೌಚಸ್ಥಾನ; ಅದರ ಪಕ್ಕದ ಸ್ಥಳ ಹೊಸಬನ ಪಾಲಿಗೆ, ಗಾಳಿ ಬರುವ ಕಿಟಕಿಯ ಕೆಳಗಿನ ಸ್ಥಳ ಹಳಬನ ಅಥವಾ ಬಲಿಷ್ಠನ ಪಾಲಿಗೆ. ಬಂದಿಗಳ ಸಂಖ್ಯೆ ಕಟ್ಟಡದ ಸಾಮರ್ಥ್ಯವನ್ನು ಮೀರಿದಂತೆಲ್ಲ ಹಾಸಿಗೆಗಳ ನಡುವಣ ಅಂತರ ಕರಗಿ, ಒಬ್ಬನು ಮಗ್ಗುಲು ಬದಲಾಯಿಸಬೇಕಾದರೆ ಪಕ್ಕದವನೂ ಬದಲಾಯಿಸಬೇಕಾದ ಸ್ಥಿತಿ ಒದಗುತ್ತದೆ. 2022ರ ಡಿಸೆಂಬರ್ ಅಂತ್ಯದಲ್ಲಿ ಭಾರತದ ಸೆರೆಮನೆಗಳೆಲ್ಲ ಸೇರಿ 4,36,266 ಮಂದಿಗೆ ಸ್ಥಳವಿದ್ದೆಡೆ 5,73,220 ಮಂದಿ ಇದ್ದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿಯು ತಿಳಿಸುತ್ತದೆ. ಈ ಅಂಕಿಗಳ ಅರ್ಥವನ್ನು ತಿಳಿಯಬೇಕಾದವರು ಅವುಗಳನ್ನು ನೆಲದ ಮೇಲಿನ ಗೇಣುಗಳಾಗಿ ಬದಲಾಯಿಸಿ ನೋಡಬೇಕು. ದೀಪವು ರಾತ್ರಿಯಿಡೀ ಉರಿಯುತ್ತದೆ, ಕಾವಲಿನವನು ಎಣಿಸಬೇಕಲ್ಲವೆ? ಹೀಗಾಗಿ ವರ್ಷಗಟ್ಟಲೆ ಕತ್ತಲೆಯಲ್ಲಿ ನಿದ್ರೆ ಮಾಡದವರು, ಬ್ಯಾರಕ್ಕಿನ ಹೊರಗೆ ನಿಂತು ಹುಣ್ಣಿಮೆಯ ಚಂದ್ರನನ್ನು ನೋಡದವರು ಅಲ್ಲಿದ್ದಾರೆ. ಮುದುಕನೊಬ್ಬನನ್ನು ನಾನು ಔಪಚಾರಿಕವಾಗಿ, ಏನಾದರೂ ತೊಂದರೆ ಇದೆಯೇ ಎಂದು ಕೇಳಿದಾಗ, ಆತ ಅನ್ನದ ವಿಷಯವನ್ನಾಗಲಿ ಔಷಧದ ವಿಷಯವನ್ನಾಗಲಿ ಎತ್ತದೆ, "ಸ್ವಾಮೇರ, ನಕ್ಷತ್ರ ನೋಡಿ ಬಾಳ ದಿನ ಆತ್ರಿ" ಎಂದಿದ್ದ. ಈ ಕೋರಿಕೆಯನ್ನು ಬರೆದುಕೊಳ್ಳಲು ಸಂದರ್ಶಕರ ಪುಸ್ತಕದಲ್ಲಿ ಅಂಕಣವಿರಲಿಲ್ಲ; ಆದರೂ ಬರೆದೆ.

ಬೆಳಗು ನೀರಿನಿಂದ ಆರಂಭವಾಗುತ್ತದೆ. ಬಾಗಿಲು ತೆರೆದೊಡನೆ ನೂರಾರು ಜನ ಕೆಲವೇ ನಲ್ಲಿಗಳ ಕಡೆಗೂ ಕೆಲವೇ ಶೌಚಾಲಯಗಳ ಕಡೆಗೂ ಧಾವಿಸುತ್ತಾರೆ. ಸಾಲಿನಲ್ಲಿ ಹಿಂದೆ ಬಿದ್ದವನಿಗೆ ಸ್ನಾನವಿಲ್ಲ; ಶೌಚಾಲಯದ ಬಾಗಿಲು ಸೊಂಟದೆತ್ತರಕ್ಕೆ ಮಾತ್ರ. ಈ ಮಾತನ್ನು ಸಭೆಯಲ್ಲಿ ಆಡಲು ಸಂಕೋಚಪಡಬೇಕಾದ ಕಾರಣವಿಲ್ಲ, ಏಕೆಂದರೆ ನಮ್ಮ ಪ್ರಾಚೀನರು ಸಂಕೋಚಪಟ್ಟಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ, ಬಂದಿಯ ಶಯನಕ್ಕೆ, ಆಸನಕ್ಕೆ, ಭೋಜನಕ್ಕೆ, ಮಲವಿಸರ್ಜನೆಗೆ, ಓಡಾಟಕ್ಕೆ ಅಡ್ಡಿಪಡಿಸಿದ ಅಧಿಕಾರಿಗೆ ಮೂರು ಪಣಗಳಿಂದ ಆರಂಭಿಸಿ ಏರುತ್ತಾ ಹೋಗುವ ದಂಡವನ್ನು ವಿಧಿಸಿದ್ದಾನೆ. ಮಾಡಿದವನಿಗೂ ದಂಡ, ಮಾಡಿಸಿದವನಿಗೂ ದಂಡ. ಕೌಟಿಲ್ಯನು ಕರುಣಾಳುವೆಂದು ಯಾರೂ ಹೇಳಲಾರರು. ಆತನ ಗ್ರಂಥದಲ್ಲಿ ಚಿತ್ರವಧೆಗೂ ವಿಧಿಗಳುಂಟು. ಅಷ್ಟು ಕಠೋರನಾದ ರಾಜನೀತಿಜ್ಞನಿಗೂ ಬಂಧನ ಬೇರೆ, ಬಂಧನದೊಳಗಿನ ಪೀಡೆ ಬೇರೆ ಎಂಬ ವಿವೇಕವಿತ್ತೆಂಬುದನ್ನು ನಾವು ಗಮನಿಸಬೇಕು. ನಮ್ಮ ಕಾಲದಲ್ಲಿ ಆ ವಿವೇಕವನ್ನು ಸಂವಿಧಾನದ ಭಾಷೆಯಲ್ಲಿ ಮತ್ತೆ ನುಡಿದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು. ತಿಹಾರ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಎಂಬ ಬಂದಿ, ವಾರ್ಡರನೊಬ್ಬನು ಮತ್ತೊಬ್ಬ ಬಂದಿಯನ್ನು ಹಿಂಸಿಸಿದನೆಂದು ಬರೆದ ಪತ್ರವೊಂದನ್ನೇ ರಿಟ್ ಅರ್ಜಿಯಾಗಿ ಸ್ವೀಕರಿಸಿ ಸರ್ವೋಚ್ಚ ನ್ಯಾಯಾಲಯವು 1979ರಲ್ಲಿ ತೀರ್ಪು ನೀಡಿತು. ಸೆರೆಮನೆಯ ಬಾಗಿಲನ್ನು ದಾಟಿದ ಮಾತ್ರಕ್ಕೆ ಮನುಷ್ಯನು ಮೂಲಭೂತ ಹಕ್ಕುಗಳನ್ನು ಕಳಚಿಟ್ಟು ಹೋಗುವುದಿಲ್ಲವೆಂಬ ತತ್ತ್ವ ಆ ತೀರ್ಪಿನಿಂದ ದೃಢವಾಯಿತು. ತತ್ತ್ವವು ನೆಲೆನಿಂತಿದೆ; ನಲ್ಲಿಯ ಮುಂದಿನ ಸಾಲು ಮಾತ್ರ ಕುಗ್ಗಿಲ್ಲ.

ಇನ್ನು ಅನ್ನದ ವಿಚಾರ. ಇದರಲ್ಲಿ ಸ್ವಲ್ಪ ನಿಧಾನಿಸಬೇಕು. ಸೆರೆಮನೆಯ ಇತಿಹಾಸವೆಲ್ಲ ಅದರ ಅಡುಗೆಮನೆಯಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಕಂಪೆನಿ ಸರ್ಕಾರದ ಮೊದಲ ದಿನಗಳಲ್ಲಿ ಉತ್ತರ ಭಾರತದ ಸೆರೆಮನೆಗಳಲ್ಲಿ ಬಂದಿಗೆ ದಿನಕ್ಕಿಷ್ಟು ಎಂದು ಕಾಸು ಕೊಡುತ್ತಿದ್ದರು. ಆತ ಸಾಮಾನು ಕೊಂಡು ತನ್ನ ಒಲೆಯ ಮೇಲೆ ತಾನೇ ಬೇಯಿಸಿಕೊಳ್ಳುತ್ತಿದ್ದ. ಶಿಸ್ತಿಗೆ ಇದು ಭಂಗವೆಂದು ಭಾವಿಸಿ 1840ರ ದಶಕದಲ್ಲಿ ಸಾಮೂಹಿಕ ಅಡುಗೆಯನ್ನು ತಂದಾಗ ಅನೇಕ ಕಡೆಗಳಲ್ಲಿ ದಂಗೆಗಳಾದುವು. 1855ರಲ್ಲಿ ಬಿಹಾರದ ಆರಾ ಮತ್ತು ಮುಜಫರ್‌ಪುರಗಳಲ್ಲಿ ಬಂದಿಗಳ ಹಿತ್ತಾಳೆಯ ತಂಬಿಗೆಗಳನ್ನು ಕಸಿದು ಮಣ್ಣಿನ ಪಾತ್ರೆಗಳನ್ನು ಕೊಟ್ಟಾಗ ಸೆರೆಮನೆಯ ಒಳಗಿನವರ ಸಂಗಡ ಹೊರಗಿನ ಊರವರೂ ಎದ್ದುನಿಂತರು. ಮಡಿಮೈಲಿಗೆಯ ಪ್ರಶ್ನೆ ಅದರಲ್ಲಿ ಇದ್ದುದು ನಿಜ. ತನ್ನದೆಂದು ಹೇಳಿಕೊಳ್ಳಲು ಉಳಿದಿದ್ದ ಕಟ್ಟಕಡೆಯ ವಸ್ತುವನ್ನು ಕಳೆದುಕೊಂಡವನ ರೋಷವೂ ಅದರಲ್ಲಿ ಇದ್ದಿರಬೇಕೆಂದು ನನಗೆ ತೋರುತ್ತದೆ. ಅಂಥ ಪ್ರತಿಭಟನೆಗಳಿಂದ ಎಚ್ಚೆತ್ತ ಆಳರಸರು ಕಲಿತ ಪಾಠ ಮಾತ್ರ ವಿಪರೀತವಾದುದು. ಅವರು ಸೆರೆಮನೆಯೊಳಗೆ ಜಾತಿಯನ್ನು ನಿಯಮವನ್ನಾಗಿ ಮಾಡಿದರು. ಅಡುಗೆಗೆ ಯೋಗ್ಯ ಜಾತಿಯವರು, ಕಸಗುಡಿಸಲು, ಮಲ ಹೊರಲು ಇಂಥಿಂಥ ಜಾತಿಯವರು ಎಂದು ಪ್ರಾಂತಗಳ ಕೈಪಿಡಿಗಳಲ್ಲಿ ಬರೆದುದು, ರಾಜ್ಯ ಹೋಗಿ ಗಣರಾಜ್ಯ ಬಂದ ಮೇಲೆಯೂ ಹಲವು ರಾಜ್ಯಗಳ ಪುಸ್ತಕಗಳಲ್ಲಿ ಹಾಗೆಯೇ ಉಳಿದುಕೊಂಡಿತು. ಅಸ್ಪೃಶ್ಯತೆಯನ್ನು ಸಂವಿಧಾನವು ನಿರ್ಮೂಲಗೊಳಿಸಿ ಏಳು ದಶಕಗಳು ಸಂದ ಬಳಿಕ, ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಹೂಡಿದ ಮೊಕದ್ದಮೆಯಲ್ಲಿ, 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಅಂಥ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿ, ಬಂದಿಗಳ ದಾಖಲೆಪುಸ್ತಕಗಳಲ್ಲಿನ ಜಾತಿಯ ಅಂಕಣವನ್ನು ತೆಗೆದುಹಾಕಬೇಕೆಂದು ಆಜ್ಞಾಪಿಸಿತು. ಅಪರಾಧಿಯಾಗಿ ಒಳಹೊಕ್ಕವನನ್ನು ಅಲ್ಲಿ ಮತ್ತೊಮ್ಮೆ ಹುಟ್ಟಿನ ಕಾರಣಕ್ಕಾಗಿ ಶಿಕ್ಷಿಸಲಾಗುತ್ತಿತ್ತು. ಅದೂ ಲಿಖಿತ ನಿಯಮದ ಪ್ರಕಾರವೇ. ಇದಕ್ಕಿಂತ ಲಜ್ಜಾಸ್ಪದವಾದ ಸಂಗತಿಯನ್ನು ನಮ್ಮ ಸಾರ್ವಜನಿಕ ಸಂಸ್ಥೆಗಳ ಚರಿತ್ರೆಯಲ್ಲಿ ಹುಡುಕುವುದು ಸುಲಭವಲ್ಲ.

ನಮ್ಮ ಸೀಮೆಯ ಸೆರೆಮನೆಗಳಲ್ಲಿ ಮುದ್ದೆ, ಚಪಾತಿ, ಅನ್ನ, ಸಾರು ಬರುತ್ತವೆ; ಹಿಂದಿಗಿಂತ ಪ್ರಮಾಣವೂ ಗುಣವೂ ಉತ್ತಮವಾಗಿವೆ ಎಂಬುದನ್ನು ಒಪ್ಪಿಕೊಳ್ಳಬೇಕು. ನನ್ನ ಆಕ್ಷೇಪವಿರುವುದು ಹೊತ್ತಿನ ಬಗೆಗೆ. ಆರು ಗಂಟೆಗೆ ಬೀಗ ಬೀಳಬೇಕಾದರೆ ರಾತ್ರಿಯ ಊಟವನ್ನು ಐದು ಗಂಟೆಯ ಸುಮಾರಿಗೇ ಬಡಿಸಿ ಮುಗಿಸಬೇಕು. ಹಸಿವಿಲ್ಲದ ಆ ಹೊತ್ತಿನಲ್ಲಿ ಉಣ್ಣಲಾರದವರು ತಟ್ಟೆಯನ್ನು ಒಳಗೊಯ್ದು, ಮೇಲೊಂದು ಬಟ್ಟೆ ಮುಚ್ಚಿಟ್ಟು, ಎಂಟಕ್ಕೋ ಒಂಬತ್ತಕ್ಕೋ ಕಲ್ಲಿನಂತಾದ ಮುದ್ದೆಯನ್ನು ತಣ್ಣನೆಯ ಸಾರಿನಲ್ಲಿ ಮುರಿಯುತ್ತಾರೆ. ಸಂಜೆಯೇ ಉಂಡವನಿಗೆ ಮರುದಿನದ ತಿಂಡಿಯ ತನಕ ಹದಿನಾಲ್ಕು ಗಂಟೆಗಳ ಉಪವಾಸ. ಮಧುಮೇಹದ ರೋಗಿಗೆ ಇದು ಎಂಥದೆಂಬುದನ್ನು ಸಭೆಯಲ್ಲಿರುವ ವೈದ್ಯರು ಬಲ್ಲರು. ಸಾವಿರಾರು ಜನರ ಹಸಿವು ಹೀಗೆ ಕಾವಲಿನ ಸರದಿಗೆ ಅಧೀನವಾಗಿದೆ. ಸಿಬ್ಬಂದಿಯ ಕೊರತೆ ನಿಜವಾದುದು. ವಾರ್ಡರನೂ ಆ ಗೋಡೆಯೊಳಗೇ ತನ್ನ ಆಯುಷ್ಯದ ಬಹುಭಾಗವನ್ನು ಸವೆಸುವವನು, ರಜೆಯಿಲ್ಲದೆ ದುಡಿಯುವವನು, ಅವನ ಮೇಲೆ ದೋಷ ಹೊರಿಸಲಾರೆ. ಕಾವಲಿನ ಸರದಿಯನ್ನು ತಿದ್ದುವ ಅಧಿಕಾರ ಅವನಿಗಿಲ್ಲ, ಸರ್ಕಾರಕ್ಕಿದೆ.

ಹಗಲಿನ ನಡುಭಾಗ ಕೆಲಸಕ್ಕೆ ಮೀಸಲು. ಅಂಡಮಾನಿನ ಸೆಲ್ಯುಲಾರ್ ಸೆರೆಮನೆಯಲ್ಲಿ ಮನುಷ್ಯನನ್ನು ಗಾಣಕ್ಕೆ ಹೂಡಿ ದಿನಕ್ಕೆ 30 ಪೌಂಡು ಕೊಬ್ಬರಿ ಎಣ್ಣೆ ತೆಗೆಯಿಸುತ್ತಿದ್ದ ಕಾಲ ಹೋಗಿದೆ. ಇಂದಿನ ಕೇಂದ್ರ ಕಾರಾಗೃಹಗಳಲ್ಲಿ ಮಗ್ಗ, ಬಡಗಿ ಕೆಲಸ, ಹೊಲಿಗೆ, ಮುದ್ರಣ, ಬೇಕರಿ, ತೋಟಗಾರಿಕೆಗಳಿವೆ. ಶ್ರಮಸಹಿತ ಶಿಕ್ಷೆಗೆ ಒಳಗಾದವನಿಗೂ ನ್ಯಾಯವಾದ ಕೂಲಿ ಸಲ್ಲಬೇಕೆಂದು 1998ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಅದರ ಒಂದಂಶವು ಅಪರಾಧದಿಂದ ನೊಂದವರಿಗೆ ಸೇರತಕ್ಕದ್ದೆಂಬ ಸೂಚನೆಯೂ ಆ ತೀರ್ಪಿನಲ್ಲಿದೆ. ಸೆರೆಮನೆಯಲ್ಲಿ ಕೆಲಸವಿರುವವನೇ ಭಾಗ್ಯವಂತ. ಕೈಗೆ ಕೆಲಸವುಳ್ಳವನ ಮುಖವನ್ನೂ ಕೆಲಸವಿಲ್ಲದವನ ಮುಖವನ್ನೂ ಪಕ್ಕಪಕ್ಕದಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರಿನ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಕಾರಾಗೃಹಗಳ ಬಂದಿಗಳಿಂದ ನಾಟಕಗಳನ್ನಾಡಿಸಿದರು. ಕೊಲೆಯ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವವನು ರಂಗದ ಮೇಲೆ ನಿಂತು ಮತ್ತೊಬ್ಬನ ಪಶ್ಚಾತ್ತಾಪವನ್ನು ತನ್ನ ಬಾಯಿಂದ ನುಡಿಯುವಾಗ ಅವನಲ್ಲಿ ಏನೋ ಒಂದು ಕದಲುತ್ತದೆಂಬುದನ್ನು ಆ ಪ್ರಯೋಗಗಳ ಪ್ರೇಕ್ಷಕರು ಬಲ್ಲರು. 1919-20ರ ಭಾರತೀಯ ಸೆರೆಮನೆಗಳ ಸಮಿತಿಯು ಬಂದಿಯ ಸುಧಾರಣೆಯೇ ಸೆರೆಮನೆಯ ಗುರಿಯೆಂದು ಹೇಳಿತು. 1980ರಿಂದ 1983ರವರೆಗೆ ದುಡಿದ ನ್ಯಾಯಮೂರ್ತಿ ಮುಲ್ಲಾ ಅವರ ಸಮಿತಿಯೂ ಅದನ್ನೇ ವಿಸ್ತರಿಸಿತು. ಗುರಿಯ ವಿಷಯದಲ್ಲಿ ವಿವಾದವಿಲ್ಲವಷ್ಟೆ.

ಆದರೆ ಈ ಮಗ್ಗವೂ ಹೊಲಿಗೆಯೂ ಶಿಕ್ಷೆಯಾದವನಿಗೆ. ಸೆರೆಮನೆಯಲ್ಲಿರುವ ನಾಲ್ವರಲ್ಲಿ ಮೂವರಿಗೆ ಶಿಕ್ಷೆಯೇ ಆಗಿರುವುದಿಲ್ಲ. ನಾನು ಆಗಲೇ ಹೇಳಿದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಇನ್ನೂ ನಿರಪರಾಧಿಗಳು. ಅವರಿಗೆ ಕೆಲಸದ ಹೊಣೆಯಿಲ್ಲ, ಕೂಲಿಯಿಲ್ಲ. ಸನ್ನಡತೆಗಾಗಿ ಅವಧಿಯಲ್ಲಿ ಮಾಫಿ ದೊರೆಯುವಂತೆಯೂ ಇಲ್ಲ, ಮಾಫಿ ಕೊಡಲು ಅವಧಿಯೆಂಬುದೇ ಇಲ್ಲವಲ್ಲ! ಶಿಕ್ಷೆಯಾದವನು ಗೋಡೆಯ ಮೇಲೆ ಗೀಟೆಳೆದು ಉಳಿದ ದಿನಗಳನ್ನು ಕಳೆಯಬಹುದು. ವಿಚಾರಣಾಧೀನನು ಕಳೆದ ದಿನಗಳನ್ನು ಕೂಡಬಹುದೇ ಹೊರತು ಉಳಿದ ದಿನಗಳನ್ನು ಕಳೆಯಲಾರ. ಅವನ ಪಂಚಾಂಗದಲ್ಲಿ ಇರುವುದು ಒಂದೇ ತಿಥಿ, ನ್ಯಾಯಾಲಯದ ಮುಂದಿನ ತಾರೀಖು. ಆ ದಿನ ಬೆಳಗ್ಗೆ ಮಡಿಸಿಟ್ಟ ಅಂಗಿಯನ್ನು ತೊಟ್ಟು ಆತ ದ್ವಾರದ ಬಳಿ ಕೂಡುತ್ತಾನೆ. ಬೆಂಗಾವಲಿನ ಪೊಲೀಸರು ಬಂದೋಬಸ್ತಿಗೆ ಹೋಗಿದ್ದರೆ ವ್ಯಾನು ಬರುವುದಿಲ್ಲ. ವ್ಯಾನು ಬಂದರೆ ಸಾಕ್ಷಿ ಬರುವುದಿಲ್ಲ. ಸಾಕ್ಷಿ ಬಂದರೆ ವಕೀಲರು ಬರುವುದಿಲ್ಲ. ಈಗ ಅನೇಕ ತಾರೀಖುಗಳು ಪರದೆಯ ಮೇಲೆಯೇ ಮುಗಿಯುತ್ತವೆ. ಆಡಳಿತಕ್ಕೆ ಇದು ಸೌಕರ್ಯ. ಆದರೆ ನ್ಯಾಯಾಲಯದ ಮೊಗಸಾಲೆಯಲ್ಲಿ ಹೆಂಡತಿಯ ಮುಖವನ್ನು ಕ್ಷಣಕಾಲ ನೋಡಿ, ಮಗುವಿನ ತಲೆ ಸವರಿ ಬರುತ್ತಿದ್ದವನಿಗೆ ಆ ಕ್ಷಣವೂ ತಪ್ಪಿಹೋಯಿತು.

ಇವರು ಏಕೆ ಒಳಗಿದ್ದಾರೆಂದು ಕೇಳಿದರೆ, ಎಲ್ಲರೂ ಘೋರ ಅಪರಾಧದ ಆರೋಪಿಗಳೆಂದು ಭಾವಿಸಬೇಡಿ. ಅನೇಕರು ಜಾಮೀನು ದೊರೆತೂ ಒಳಗಿರುವವರು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಮೋತಿರಾಮನ ಪ್ರಕರಣವನ್ನು ನೋಡಿ. ಆತ ಬಡ ಗಾರೆ ಕೆಲಸದವನು. ಜಾಮೀನಿನ ಮೇಲೆ ಬಿಡಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ಹೇಳಿದ್ದಿತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಗಳ ಹೊಣೆಗಾರಿಕೆಯನ್ನು ಕೇಳಿದರು. ಆತನ ಅಣ್ಣತಮ್ಮಂದಿರಲ್ಲೊಬ್ಬನು ಹೊಣೆ ನಿಲ್ಲಲು ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ನಿರಾಕರಿಸಿದರು. ಬಡವನಿಗೆ ಈ ದೇಶದೊಳಗೇ ಪರದೇಶವುಂಟೇ ಎಂಬ ವ್ಯಥೆಯಿಂದ ಕೃಷ್ಣ ಅಯ್ಯರ್ ಅವರು ಆ ಆದೇಶವನ್ನು ತಿದ್ದಿದರು. ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ವಿಚಾರಣೆಯಲ್ಲೇ ಕಳೆದವನನ್ನು ಬಿಡಬೇಕೆಂಬ ವಿಧಿಯು 2005ರ ತಿದ್ದುಪಡಿಯಿಂದ ಬಂದಿತು. 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯು ಮೊದಲ ಬಾರಿಯ ಆರೋಪಿಗೆ ಅದನ್ನು ಮೂರನೆಯ ಒಂದಂಶಕ್ಕೆ ಇಳಿಸಿದೆ. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಅನ್ವಯಿಸುವವರಿಗಾದರೂ ಈ ವಿಧಿಯ ಅಸ್ತಿತ್ವವೇ ತಿಳಿದಿರುವುದಿಲ್ಲ. ತಿಳಿದವನಿಗೆ ಅರ್ಜಿ ಬರೆದುಕೊಡುವವರಿಲ್ಲ.

ಸಂದರ್ಶನದ ದಿನವನ್ನು ಮರೆಯುವಂತಿಲ್ಲ. ಹಳ್ಳಿಯಿಂದ ರಾತ್ರಿಯ ಬಸ್ಸು ಹತ್ತಿ ಬಂದ ತಾಯಿ, ಹೆಸರು ಬರೆಸಿ, ಕೈಯ ಮೇಲೆ ಮುದ್ರೆ ಹಾಕಿಸಿಕೊಂಡು, ಗಂಟೆಗಟ್ಟಲೆ ಕಾಯ್ದು ಒಳಬಂದರೆ, ದೊರೆಯುವುದು ಕೆಲವು ನಿಮಿಷ. ನಡುವೆ ಜಾಲರಿ, ಆಚೆ ಒಂದು ಸಾಲು ಜನ, ಈಚೆ ಒಂದು ಸಾಲು ಜನ, ಎಲ್ಲರೂ ಒಟ್ಟಿಗೆ ಕೂಗುತ್ತಿರುವಾಗ ತನ್ನ ಮಗನ ದನಿಯನ್ನು ಆರಿಸಿ ತೆಗೆಯುವುದರಲ್ಲೇ ಆ ನಿಮಿಷಗಳು ಮುಗಿಯುತ್ತವೆ. ಜಮೀನಿನ ವಿಷಯ, ಮದುವೆಯ ವಿಷಯ, ಸಾವಿನ ಸುದ್ದಿ, ಎಲ್ಲವನ್ನೂ ಅಲ್ಲಿ ಕೂಗಿಯೇ ಹೇಳಬೇಕು.

ಹೆಂಗಸರ ಸ್ಥಿತಿ ಇನ್ನೂ ವಿಕಟವಾದುದು. ಒಟ್ಟು ಬಂದಿಗಳಲ್ಲಿ ಅವರು ನೂರಕ್ಕೆ ನಾಲ್ವರಷ್ಟೇ ಆದುದರಿಂದ ಗಂಡಸರಿಗಾಗಿ ಕಟ್ಟಿದ ಸೆರೆಮನೆಯ ಮೂಲೆಯೊಂದನ್ನು ಗೋಡೆಯಿಂದ ಬೇರ್ಪಡಿಸಿ ಅವರಿಗೆ ಕೊಡುವುದೇ ವಾಡಿಕೆ. ಗ್ರಂಥಾಲಯ, ಆಸ್ಪತ್ರೆ, ಮೈದಾನಗಳು ಗೋಡೆಯ ಆಚೆಗೆ ಉಳಿಯುತ್ತವೆ. ಗಂಡನು ಸೆರೆಯಲ್ಲಿದ್ದರೆ ಹೆಂಡತಿ ಬುತ್ತಿ ಕಟ್ಟಿಕೊಂಡು ಬರುತ್ತಾಳೆ. ಹೆಂಡತಿ ಸೆರೆಯಲ್ಲಿದ್ದರೆ ನೋಡಲು ಬರುವ ಗಂಡಂದಿರು ವಿರಳ. ಆರು ವರ್ಷ ತುಂಬುವ ತನಕ ಮಕ್ಕಳು ತಾಯಿಯ ಸಂಗಡ ಒಳಗಿರಬಹುದು. ಆ ಮಕ್ಕಳನ್ನು ಬಂದಿಗಳಂತೆ ಕಾಣಕೂಡದೆಂದೂ ಅವರಿಗೆ ಪ್ರತ್ಯೇಕ ಆಹಾರ, ಶಿಶುವಿಹಾರ, ಆಟಪಾಟಗಳಿರಬೇಕೆಂದೂ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಆದರೂ ಒಳಗೇ ಹುಟ್ಟಿ ಬೆಳೆದ ಮಗುವಿನ ಆಟದಲ್ಲಿ ಎಣಿಕೆ ಬರುತ್ತದೆ, ಬೀಗ ಬರುತ್ತದೆ.

ಬೆಂಗಳೂರಿನ ಶೇಷಾದ್ರಿ ರಸ್ತೆಯ ಹಳೆಯ ಕೇಂದ್ರ ಕಾರಾಗೃಹವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಬಂದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಬಳಿಕ ಅದು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದ ನಾಯಕರು ಅಲ್ಲಿದ್ದರು. ಅದೇ ಗೋಡೆಯೊಳಗೆ 1976ರ ಮೇ ತಿಂಗಳಿಂದ ಸ್ನೇಹಲತಾ ರೆಡ್ಡಿಯವರೂ ಇದ್ದರು. 'ಸಂಸ್ಕಾರ' ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರು ಅವರನ್ನು ನೋಡಿದ್ದರು. ಆಸ್ತಮಾದಿಂದ ನರಳುತ್ತಿದ್ದ ಅವರು ತಮ್ಮ ಕೋಣೆಯಿಂದ ಕಂಡ ಸಾಮಾನ್ಯ ಸ್ತ್ರೀಬಂದಿಗಳ ಅವಸ್ಥೆಯನ್ನು ದಿನಚರಿಯಲ್ಲಿ ದಾಖಲಿಸಿ, ಅವರ ಊಟೋಪಚಾರಗಳಿಗಾಗಿ ಅಧಿಕಾರಿಗಳೊಡನೆ ವಾದಿಸಿದರು. 1977ರ ಜನವರಿ 15ರಂದು ಅವರ ಬಿಡುಗಡೆಯಾಯಿತು, 20ರಂದು ತೀರಿಕೊಂಡರು. ಎಂಟು ತಿಂಗಳ ಆ ಸೆರೆವಾಸದಲ್ಲಿ ಅವರ ಮೇಲೆ ವಿಚಾರಣೆಯೇ ನಡೆಯಲಿಲ್ಲ. ಉದ್ಯಾನಕ್ಕೆ ಹೋದವರು ಕಾವಲುಗೋಪುರವನ್ನು ನೋಡಿ ಬರುವಂತೆ ಈ ಸಂಗತಿಯನ್ನೂ ಮಕ್ಕಳಿಗೆ ತಿಳಿಸಬೇಕೆಂದು ನನ್ನ ಪ್ರಾರ್ಥನೆ.

ಬಿಡುಗಡೆಯ ವಿಷಯವೊಂದು ಉಳಿದಿದೆ. ನ್ಯಾಯಾಲಯದ ಆದೇಶವು ಸಂಜೆಯ ಲಾಕಪ್ಪಿನ ಬಳಿಕ ಬಂದರೆ, ಸ್ವತಂತ್ರನಾದ ಮನುಷ್ಯನು ಅಂದಿನ ರಾತ್ರಿಯನ್ನೂ ಒಳಗೇ ಕಳೆಯುತ್ತಾನೆ. ಅದಕ್ಕಿಂತಲೂ ದುಃಸ್ಥಿತಿ, ಜಾಮೀನು ಮಂಜೂರಾಗಿ ಹೊಣೆಗಾರರಿಲ್ಲದೆ ತಿಂಗಳುಗಟ್ಟಲೆ ಉಳಿದವನದು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಜಾಮೀನು ದೊರೆತ ಏಳು ದಿನಗಳೊಳಗೆ ಬಂದಿ ಹೊರಹೋಗದಿದ್ದರೆ ಕಾರಾಗೃಹದ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದೂ, ಪ್ರಾಧಿಕಾರವು ತನ್ನ ಅರೆಕಾನೂನು ಸ್ವಯಂಸೇವಕರನ್ನು ಅಥವಾ ವಕೀಲರನ್ನು ಕಳುಹಿಸಿ ಆತನಿಗೆ ನೆರವಾಗಬಹುದೆಂದೂ ಆದೇಶಿಸಿದೆ. ಆದೇಶವು ಉತ್ತಮವಾದುದು, ಅದನ್ನು ಕೈಯಲ್ಲಿ ಹಿಡಿದು ಬ್ಯಾರಕ್ಕಿನ ತನಕ ನಡೆದುಹೋಗುವ ಕಾಲುಗಳು ಬೇಕಾಗಿವೆ. ಅರೆಕಾನೂನು ಸ್ವಯಂಸೇವಕನಾಗಲು ವಕೀಲಿ ಪದವಿ ಬೇಕಿಲ್ಲ. ಓದುಬರಹ, ಸ್ವಲ್ಪ ತರಬೇತಿ, ತಾಳ್ಮೆ ಇದ್ದರೆ ಸಾಕು. ನಿವೃತ್ತ ಉಪಾಧ್ಯಾಯರು, ಗುಮಾಸ್ತರು, ಕಾಲೇಜಿನ ವಿದ್ಯಾರ್ಥಿಗಳು ಅನೇಕರು ಈ ಸಭೆಯಲ್ಲಿ ಕುಳಿತಿದ್ದೀರಿ. ಪ್ರಾಧಿಕಾರದ ಕಚೇರಿಯನ್ನು ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. ನಾಳೆ ಬೆಳಗ್ಗೆ ಹೋಗಿ ಹೆಸರು ಕೊಡಿರೆಂದು ಬೇಡಿಕೊಳ್ಳುತ್ತೇನೆ.